ಅಜ್ಜಿಯ ಓಲೆಗೆ ಸಾಣೆ ಬೇಡ

ಸೂರತ್‌ಗೆ ಬಂದು ಹದಿನಾಲ್ಕು ವರ್ಷವಾಯ್ತು. ಇಲ್ಲಿನ ವರಾಛಾದಲ್ಲಿ ಎಲ್ಲಿ ನೋಡಿದರೂ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳು. ಸಾಣೆ ಚಕ್ರಕ್ಕೆ ಘಂಟಿ ಅಂತಾರೆ, ಅದರ ಸುತ್ತ ಕೂತವರನ್ನು ರತ್ನಕಲಾಕಾರ ಅಂತ ಕರೀತಾರೆ. ಅಕ್ಕಿಕಾಳಿಗಿಂತ ಸಣ್ಣ ಹರಳಿಗೂ 57 ಮುಖ ಬಿಡಿಸುತ್ತಾರೆ. ಆ ಕೈಗಳ ಮೇಲೆ ನನಗೆ ತುಂಬಾ ಗೌರವ.

ಹೋದ ದೀಪಾವಳಿಗೆ ಬೀದರ್‌ಗೆ ಹೋಗಿದ್ದೆ. ಅಜ್ಜಿಯ ಜಡಾವು ಓಲೆಯ, ಅಂದರೆ ಬಂಗಾರದಲ್ಲಿ ಹರಳು ಕೂರಿಸಿದ ಹಳೇ ಕೆಲಸದ ಓಲೆಯ, ಕೊಂಡಿ ಸಡಿಲಾಗಿತ್ತು, ಅಂಗಡಿಗೆ ಒಯ್ದೆವು. "ಹರಳು ಮಂಕು, ಕಟಿಂಗೂ ಸರಿಯಿಲ್ಲ. ಬಂಗಾರದ ತೂಕಕ್ಕೆ ತಗೋತೀವಿ, ಹೊಸದು ಒಯ್ಯಿರಿ" ಅಂದರು. ಅವ್ವ ಮಾತಾಡಲಿಲ್ಲ. ಓಲೆಯನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡಳು.

ಅದು ಕಟಿಂಗ್ ಕೆಟ್ಟ ಹರಳಲ್ಲ, ಪೋಲ್ಕಿ. ಹಿಂದಿನವರು ವಜ್ರದ ತೂಕ ಕಳೆಯಲು ಒಪ್ಪುತ್ತಿರಲಿಲ್ಲ. ಕಲ್ಲು ಹೇಗಿದೆಯೋ ಹಾಗೇ ಚಪ್ಪಟೆಯಾಗಿ ಉಜ್ಜುತ್ತಿದ್ದರು. ಒಳಗೆ ಅರಗು, ಅದರ ಮೇಲೆ ಬೆಳ್ಳಿ ತಗಡು, ಮೇಲೆ ಹರಳು, ಸುತ್ತ ಒತ್ತಿ ಕೂರಿಸಿದ ಕುಂದನದ ಅಪ್ಪಟ ಬಂಗಾರ. ಬೆಳಕು ಹರಳು ದಾಟಿ ತಗಡಿಗೆ ಬಡಿದು ಮರಳುತ್ತದೆ. ಈಗಿನ ದುಂಡು ಕಟಿಂಗಿಗೆ ಬ್ರಿಲಿಯಂಟ್ ಅಂತಾರೆ, ಅದಕ್ಕೆ ತಗಡು ಬೇಕಿಲ್ಲ, ತಳದ ಮುಖಗಳೇ ಕನ್ನಡಿ. 1919ರಲ್ಲಿ ಬೆಲ್ಜಿಯಂನ ಇಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಆ ಮುಖಗಳ ಕೋನಗಳ ಲೆಕ್ಕ ಬರೆದಿಟ್ಟ. ಆದರೆ ದುಂಡಗೆ ಮಾಡುವಾಗ ಒರಟು ಕಲ್ಲಿನ ಅರ್ಧಕ್ಕೂ ಜಾಸ್ತಿ ಹೋಗುವುದುಂಟು. ಕೊಹಿನೂರನ್ನೇ ನೋಡಿ. 1851ರ ಲಂಡನ್ ಪ್ರದರ್ಶನದಲ್ಲಿ ಜನ ಹೊಳಪಿಲ್ಲ ಅಂದರು. ಮರುವರ್ಷವೇ ಸಾಣೆಗೆ ಹಾಕಿದರು. ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಬೀದರಿನವರಿಗೆ ಇದನ್ನು ಹೇಳಬೇಕಾ? ನಮ್ಮ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಿದರಿ ಹೂಜಿಯ ಕಪ್ಪಿನ ಮೇಲೆ ಬೆಳ್ಳಿಯ ಎಳೆ ಓಡುತ್ತದೆ. ಯಾವುದೂ ಕಣ್ಣು ಕುಕ್ಕುವುದಿಲ್ಲ. ಹತ್ತಿರ ಹೋದವರಿಗೆ, ದೀಪ ಹಿಡಿದವರಿಗೆ ತೋರುವ ಹೊಳಪು ಅದು. ಓಲೆಯದೂ ಅದೇ ಜಾತಿ, ಅಲ್ವಾ?

ಸೂರತ್‌ಗೆ ಮರಳಿದ ಮೇಲೆ ಪಕ್ಕದ ಮನೆಯ ಹಿರಿಯ ರತ್ನಕಲಾಕಾರರಿಗೆ ಓಲೆಯ ಫೋಟೋ ತೋರಿಸಿದೆ. ಜೀವನವಿಡೀ ಬ್ರಿಲಿಯಂಟ್ ಮಾಡಿದವರು. ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. "ಹರಳಿಗೆ ಏನೂ ಆಗಿಲ್ಲ. ನೀರು ಒಳಗೆ ಹೋಗಿ ತಗಡು ಕಪ್ಪಾಗಿದೆ. ತಗಡು ಮಾತ್ರ ಬದಲಿಸಿ" ಅಂದರು. ಬೆಲೆಯ ಮಾತೇ ಎತ್ತಲಿಲ್ಲ.

ಅವ್ವನಿಗೆ ಆಗಲೇ ಫೋನ್ ಮಾಡಿದೆ. ಮುಂದಿನ ತಿಂಗಳು ತಂಗಿಯ ಮಗಳ ಲಗ್ನ. ಜಡಾವು ಬಲ್ಲ ಅಕ್ಕಸಾಲಿಗರೊಬ್ಬರು ಹೈದರಾಬಾದಿನಲ್ಲಿ ಸಿಕ್ಕಿದ್ದಾರೆ, ಓಲೆ ಈಗ ಅವರ ಹತ್ತಿರ ಇದೆ.