ಕಲ್ಲು ತೇಲಬೇಕು, ಸಹಜವಾಗಿ

ಹವಳದ ದಿಬ್ಬಗಳಲ್ಲಿ ಒಂದು ದೊಡ್ಡ ಕೊರತೆ ಇದೆ. ಅವು ಹವಳದ ದಿಬ್ಬದ ಹಾಗೆ ಕಾಣುವುದಿಲ್ಲ. ಕಡಲಿಗಿಳಿದು ನೋಡಿ, ಕಲ್ಲಿನ ಮೇಲೆ ಕಲ್ಲು ಬಿದ್ದಿರುತ್ತದೆ. ಅಲೆಗೆ ಮುರಿದ ಹವಳದ ಚೂರುಗಳು ರಾಶಿ ರಾಶಿ. ಕಮಾನಿಲ್ಲ, ಫೋಟೋ ತೆಗೆಯಲು ಒಂದು ನೆಟ್ಟಗಿನ ಕೋನವೂ ಇಲ್ಲ. ಗ್ರೇಟ್ ಬ್ಯಾರಿಯರ್ ರೀಫ್ ಈಗಿನ ರೂಪಕ್ಕೆ ಬರಲು ಸಾವಿರಾರು ವರ್ಷ ಹಿಡಿಯಿತು. ಅಷ್ಟು ಪುರುಸೊತ್ತಿದ್ದರೂ ಅದಕ್ಕೆ ಒಂದು ನೆಗೆಟಿವ್ ಸ್ಪೇಸ್, ಅಂದರೆ ನೋಟಕ್ಕೆ ಅಂದ ಕೊಡುವ ಖಾಲಿ ಜಾಗ, ಬಿಡಲು ಹೊಳೆಯಲಿಲ್ಲ ನೋಡಿ!

ಈ ಲೋಪ ಸರಿಪಡಿಸುವ ಹೊಣೆಯನ್ನು ಈಗ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಹೊತ್ತಿದ್ದಾರೆ.

ಮೊದಲೆಲ್ಲ ಲೆಕ್ಕ ಸುಲಭ ಇತ್ತು. ಲೀಟರಿಗೆ ಸುಮಾರು 120 ಗ್ರಾಂ ಕಲ್ಲು. 200 ಲೀಟರಿನ ಟ್ಯಾಂಕ್ ಅಂದರೆ 24 ಕಿಲೋ. ಅಷ್ಟನ್ನೂ ಹಿಂದಿನ ಗಾಜಿಗೆ ಒರಗಿಸಿ ಗೋಡೆ ಕಟ್ಟಿದರೆ ಮುಗಿಯಿತು. ಗೋಡೆಯ ಹಿಂದೆ ನೀರು ಆಡದೆ ಕಸ ಕೂತು ಕೊಳೆಯುತ್ತಿತ್ತು, ಅದು ನಿಜವೇ. ಗಾಜು ಉಜ್ಜಲು ಕೈ ಹೋಗುತ್ತಿರಲಿಲ್ಲ, ಅದೂ ನಿಜ. ಆದ್ದರಿಂದ ಗೋಡೆ ಹೋಯಿತು. ಈಗ ಕಲ್ಲು ತೇಲಬೇಕು. ಒಂದೇ ಕಾಲಿನ ಮೇಲೆ ನಿಂತು ಅರ್ಧ ಟ್ಯಾಂಕಿನವರೆಗೆ ಕೈ ಚಾಚಬೇಕು. ನೋಡಿದವರು ‘ಇದು ಹೇಗೆ ನಿಂತಿದೆ?’ ಅಂತ ಕೇಳಬೇಕು. ಕೇಳಿದರೆ ಅದು ಸಹಜ ಸೌಂದರ್ಯ.

ಈ ಸಹಜತೆಗೆ ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಸುತ್ತಿಗೆ, ಉಳಿ, ಡ್ರಿಲ್ಲು, ಅಕ್ರಿಲಿಕ್ ಸರಳು, ಜೆಲ್ ರೂಪದ ಸೂಪರ್ ಗ್ಲೂ, ಎಪಾಕ್ಸಿ, ಬೇಕಿದ್ದರೆ ಸಿಮೆಂಟು. ಕಲ್ಲನ್ನು ಒಡೆಯಬೇಕು, ಒಡೆದದ್ದನ್ನು ಅಂಟಿಸಬೇಕು. ಬೆಸುಗೆ ಕಾಣದ ಹಾಗೆ ಹಸಿ ಅಂಟಿನ ಮೇಲೆ ಅದೇ ಕಲ್ಲಿನ ಪುಡಿ ಉದುರಿಸಬೇಕು. ಬೆರಳಿಗೆ ಬೆರಳು ಅಂಟಿಕೊಂಡಿರುತ್ತದೆ, ಉಗುರಿನ ಸಂದಿಯಲ್ಲಿ ಎಪಾಕ್ಸಿ ಕೂತಿರುತ್ತದೆ. ಅದೇ ಕೈಯಲ್ಲಿ ಫೋಟೋ ತೆಗೆದು ಕೆಳಗೆ ಬರೆಯುತ್ತಾರೆ: ‘ಪ್ರಕೃತಿಯನ್ನು ಮನೆಗೆ ತಂದೆ.’

ತಂದ ಪ್ರಕೃತಿಯಲ್ಲಿ ಜೀವ ಮಾತ್ರ ಇರಬಾರದು. ಇದು ಎರಡನೆಯ ನಿಯಮ.

ಕಡಲಿನಿಂದ ಬಂದ ಲೈವ್ ರಾಕ್ ಸುಮ್ನೆ ಕೂತಿರುವ ಕಲ್ಲಲ್ಲ. ಅದರ ತೂತುಗಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮೇಲ್ಮೈಯಲ್ಲಿ ಇರುವಂಥವು ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಭಾಗದಲ್ಲಿ ಇರುವಂಥವು ಆ ನೈಟ್ರೇಟನ್ನೂ ಒಡೆಯುತ್ತವೆ. ಪೂರ್ತಿ ಬಿಟ್ಟಿ ಕೆಲಸ. ಆದರೆ ಅದೇ ಕಲ್ಲಿನ ಜೊತೆ ಐಪ್ಟೇಸಿಯಾ ಬರಬಹುದು, ಕಿತ್ತಷ್ಟೂ ಚೂರಿನಿಂದ ಮತ್ತೆ ಹುಟ್ಟುವ ಪುಟ್ಟ ಕಂದು ಅನಿಮೋನ್ ಅದು. ರಾತ್ರಿ ಹೊತ್ತು ಟಕ್ ಟಕ್ ಅನ್ನುವ ಮ್ಯಾಂಟಿಸ್ ಸಿಗಡಿಯೂ ಬರಬಹುದು. ಕಡಲು ಬೇಕು, ಕಡಲಿನವರು ಬೇಡ. ಹಾಗಾಗಿ ಡ್ರೈ ರಾಕ್, ಅಂದರೆ ಜೀವವಿಲ್ಲದ ಒಣ ಕಲ್ಲು. (ದಿಬ್ಬದಿಂದ ಕಲ್ಲು ಕೀಳದೇ ಇರುವುದು ಒಳ್ಳೆಯದೇ. ಲೈವ್ ರಾಕ್ ವ್ಯಾಪಾರದ ಮೇಲೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಹಿಡಿತ ಇರುವುದೂ ಅದಕ್ಕೇ. ಆದರೆ ಆ ಕಾರಣ ಹೇಳಿ ಡ್ರೈ ರಾಕ್ ಕೊಳ್ಳುವವರು ಕಡಿಮೆ. ಹುಳದ ಭಯವೇ ಜಾಸ್ತಿ.)

ಡ್ರೈ ರಾಕ್ ಬೆಳ್ಳಗೆ, ಸತ್ತ ಹಾಗೆ ಇರುತ್ತದೆ. ಸತ್ತೇ ಇದೆ ಅನ್ನಿ. ಬದುಕಿದ ಹಾಗೆ ಕಾಣಲಿ ಅಂತ ನೇರಳೆ ಬಣ್ಣ ಹಾಕಿಯೂ ಮಾರುತ್ತಾರೆ. ಕಡಲಿನ ಕಲ್ಲಿಗೆ ಆ ಬಣ್ಣ ಕೊಡುವುದು ಕೊರಲೈನ್ ಅನ್ನುವ ಪಾಚಿ. ಅದು ಹರಡಲು ತಿಂಗಳುಗಟ್ಟಲೆ ಬೇಕು. ಯಾರಿಗಿದೆ ತಾಳ್ಮೆ? ತಮಾಷೆ ಅಂದರೆ, ಬಣ್ಣದ ಕಲ್ಲು ನೀರಿಗಿಳಿದ ಕೆಲವೇ ವಾರಕ್ಕೆ ಅದರ ಮೇಲೆ ಡಯಾಟಮ್ ಅನ್ನುವ ಕಂದು ಪಾಚಿ ಕೂರುತ್ತದೆ. ಹಿಂದೆಯೇ ಹಸಿರು ಕೂದಲಿನಂಥ ಪಾಚಿ. ಕಾಸು ಕೊಟ್ಟು ಕೊಂಡ ನೇರಳೆ ಅಡಿಯಲ್ಲೆಲ್ಲೋ ಸುರಕ್ಷಿತವಾಗಿರುತ್ತದೆ.

ಆಮೇಲೆ ಬಾಟಲಿಗಳು ಬರುತ್ತವೆ. ಕಲ್ಲಲ್ಲಿ ಬೇಡ ಅಂದ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬಂದರೆ ಸ್ವಾಗತ, ಅದಕ್ಕೆ ಲೇಬಲ್ ಇದೆ. ಕಲ್ಲಿನಿಂದ ಬಂದರೆ ಅಸಹ್ಯವಾಗುವ ಸಣ್ಣ ಹುಳಗಳು, ಕೋಪಿಪಾಡ್‌ಗಳು, ಪ್ಯಾಕೆಟ್‌ನಲ್ಲಿ ಬಂದಾಗ ‘ಜೀವವೈವಿಧ್ಯ’. ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗೆ ಇಳಿಸಲು ಹಗಲೂ ರಾತ್ರಿ ಯಂತ್ರ ಓಡಿಸುತ್ತಾರೆ. ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಅನ್ನುವ ಲೋಳೆ ಎದ್ದು ಮರಳನ್ನೆಲ್ಲ ಮುಚ್ಚುತ್ತದೆ. ಪರಿಹಾರ? ನೈಟ್ರೇಟ್ ಬಾಟಲಿ ಕೊಂಡು ಹನಿ ಹನಿ ಹಾಕುವುದು. ತೆಗೆಯುವ ಯಂತ್ರ ಒಂದು ಬದಿಗೆ, ಹಾಕುವ ಪಂಪು ಇನ್ನೊಂದು ಬದಿಗೆ. ಎರಡಕ್ಕೂ ಒಂದೇ ಸ್ವಿಚ್‌ಬೋರ್ಡು.

ಮೀನಿನ ಅಭಿಪ್ರಾಯ ಯಾರೂ ಕೇಳಿಲ್ಲ. ಅದಕ್ಕೆ ಬೇಕಾದದ್ದು ಹೆದರಿದಾಗ ನುಗ್ಗಲು ಒಂದು ಸಂದು, ಮಲಗಲು ಒಂದು ಪೊಟರೆ. ಈ ಕಮಾನಿನಲ್ಲಿ ಅದು ಬಿಟ್ಟು ಎಲ್ಲ ಇದೆ. ಪಾಪ, ಪಂಪಿನ ಹಿಂದೆ ಹೋಗಿ ಕೂರುತ್ತದೆ. ಫೋಟೋದಲ್ಲಿ ಮೀನು ಕಾಣದೆ ಇರುವುದೂ ಒಂದು ಬಗೆಯ ನೆಗೆಟಿವ್ ಸ್ಪೇಸ್ ಅಲ್ವಾ?

ಸುಮ್ಮನಿರದವನು ಪಿಸ್ತೂಲ್ ಸಿಗಡಿ ಒಬ್ಬನೇ. ಅವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಕಮಾನಿನ ಅಂದ ಅವನ ಮೇಲೆ ಪರಿಣಾಮ ಬೀರಿಲ್ಲ. ತನ್ನ ಬಿಲದ ಬಾಗಿಲಲ್ಲಿ ಗೋಬಿ ಮೀನನ್ನು ಕಾವಲಿಗೆ ನಿಲ್ಲಿಸಿ ಬುಲ್ಡೋಜರ್ ಹಾಗೆ ಮರಳು ತಳ್ಳುತ್ತಾನೆ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಹಾಕಬೇಕು ಅಂತ ಹಳಬರು ಹೇಳುತ್ತಲೇ ಬಂದಿದ್ದಾರೆ. ಅದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲದ್ದರಿಂದ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಒಂದು ಬೆಳಿಗ್ಗೆ ಕಮಾನು ಎಡಕ್ಕೆ ವಾಲುತ್ತದೆ. ಮಾಲೀಕರು ಸಲಹೆ ಕೇಳುತ್ತಾರೆ. ಸಲಹೆ ಒಕ್ಕೊರಲಿನದು: ಆ ಸಿಗಡಿಯನ್ನು ಹಿಡಿದು ಹೊರಗೆ ಹಾಕಿ, ನೋಟ ಕೆಡಿಸುತ್ತಿದೆ. ಆದರೆ ಅವನು ಇರುವುದು ಕಮಾನಿನ ಬುಡದಲ್ಲಿ. ಅವನನ್ನು ಹಿಡಿಯಬೇಕಾದರೆ ಮೊದಲು ಕಮಾನು ಬಿಚ್ಚಬೇಕು.