ರೋವನ್ ಮರದ ಕೆಳಗೆ ಕಾರು

ಕಾರು ತೊಳೆದ ಮರುದಿನವೇ ಹಕ್ಕಿಗಳ ಹೊಟ್ಟೆ ಕೆಡುತ್ತದೆ. ಎಡಿನ್‌ಬರೋದ ನಮ್ಮ ಬೀದಿಯಲ್ಲಿ ಕಾರಿಗೆ ಜಾಗ ಸಿಗುವುದು ಗೊಂಚಲು ಗೊಂಚಲಾಗಿ ಕೇಸರಿ ಹಣ್ಣು ಬಿಡುವ ರೋವನ್ ಮರದ ಕೆಳಗೆ ಮಾತ್ರ. ಸೆಪ್ಟೆಂಬರ್ ಬಂತೆಂದರೆ ಗಾಜಿನ ತುಂಬ ಕೇಸರಿ ಕಲೆ, ನಡುವೆ ಕಂದು ಬೀಜ.

ರಸ್ತೆ ಕಡೆ ಬಾಗಿದ ಕೊಂಬೆಯೊಂದನ್ನು ಕಡಿಸೋಣವೆಂದರೆ ಪಕ್ಕದ ಮನೆಯ ಅಜ್ಜಿ ಬಿಡಲಿಲ್ಲ. ರೋವನ್‌ಗೆ ಕೊಡಲಿ ತಾಗಿಸಬಾರದಂತೆ, ಮಾಟಗಾತಿಯರು ಮನೆ ಹೊಗದಂತೆ ಕಾಯುವ ಮರವಂತೆ. ಹಿಂದೆ ಇದರ ಕಡ್ಡಿಗಳನ್ನು ಕೆಂಪು ದಾರದಿಂದ ಶಿಲುಬೆ ಕಟ್ಟಿ ಇಟ್ಟುಕೊಳ್ಳುತ್ತಿದ್ದರಂತೆ. ಇರಲಿ. ಮಾಟಗಾತಿಯರನ್ನೇ ಹೆದರಿಸುವ ಮರಕ್ಕೆ ನಾಲ್ಕು ಹಕ್ಕಿ ಓಡಿಸಲಾಗದೆ? ಓಡಿಸುವುದಿರಲಿ, ಹಕ್ಕಿ ಹಿಡಿಯುವವರು ಬಲೆಗೆ ಇಡುತ್ತಿದ್ದದ್ದೇ ಇದರ ಹಣ್ಣನ್ನು. ಮರವೋ ಐಸ್‌ಲ್ಯಾಂಡಿನಿಂದ ರಷ್ಯಾದವರೆಗೆ ಹಬ್ಬಿದೆ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಬೇರೆ ಮರಗಳು ಕೈಚೆಲ್ಲಿದ ಮೇಲೂ 900 ಮೀಟರ್ ದಾಟಿ ಹತ್ತುತ್ತದೆ. ಹಕ್ಕಿ ಉದುರಿಸಿದ ಬೀಜ ಬಂಡೆಯ ಬಿರುಕಿನಲ್ಲೂ ಇನ್ನೊಂದು ಮರದ ಕವಲಿನಲ್ಲೂ ಬೇರೂರುತ್ತದೆ, ನಮ್ಮಲ್ಲಿ ಅರಳಿ ಗೋಡೆಯಲ್ಲಿ ಹುಟ್ಟುವ ಹಾಗೆ. ಇಷ್ಟೆಲ್ಲ ಜಾಗ ಬಿಟ್ಟು ನನ್ನ ಬಾನೆಟ್ಟೇ ಬೇಕಿತ್ತೆ?

ಕಡಿಯಲಾಗದಿದ್ದರೆ ತಿಂದಾದರೂ ಮುಗಿಸೋಣ ಎಂದಳು ನನ್ನ ಹೆಂಡತಿ. ಸೇಬಿನ ಕುಟುಂಬದ್ದೇ ಹಣ್ಣು. ಇಲ್ಲಿಯವರು ಕಾಡುಸೇಬು ಸೇರಿಸಿ ಜೆಲ್ಲಿ ಮಾಡಿ ಜಿಂಕೆ ಮಾಂಸದ ಜೊತೆ ತಿನ್ನುತ್ತಾರೆ. ನಮಗೆ ಜಿಂಕೆಯೂ ಬೇಡ, ಜೆಲ್ಲಿಯೂ ಬೇಡ. ಹಸಿ ಹಣ್ಣಿನಲ್ಲಿ ಪ್ಯಾರಾಸಾರ್ಬಿಕ್ ಆಮ್ಲವಿದೆ, ಹೊಟ್ಟೆಗೆ ಆಗದು, ಬೇಯಿಸಲೇಬೇಕು. ಹಿಮ ಬಿದ್ದ ಮೇಲೆ ಕೊಯ್ದರೆ ಕಹಿ ಇಳಿಯುತ್ತದೆ ಎಂದರು. ಹಿಮಕ್ಕೆ ಕಾಯುವ ವ್ಯವಧಾನ ಯಾರಿಗಿದೆ, ಫ್ರೀಜರಿಗೆ ತುರುಕಿದೆವು. ಆಮೇಲೆ ಊರಿಂದ ತಂದ ಬೆಲ್ಲ, ಹುಣಸೆಹಣ್ಣು, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಧಾರಾಳವಾಗಿ ಇಂಗು ಹಾಕಿ ಗೊಜ್ಜು ಕುದಿಸಿದೆವು. ಬಣ್ಣ ನೋಡಿದರೆ ಬಾಯಲ್ಲಿ ನೀರೂರಬೇಕು. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಖಾರ, ಎರಡೂ ಹೋದ ಮೇಲೆ ನಾಲಿಗೆಯ ಬುಡ ಹಿಡಿದು ಕೂರುವ ಕಹಿ. ಹಾಗಲಕಾಯಿ ಇಷ್ಟಪಡುವ ನಾನೂ ಎರಡನೇ ತುತ್ತಿಗೆ ಮೊಸರು ಕಲಸಿಕೊಂಡೆ. ಹೆಂಡತಿ ಚೆನ್ನಾಗಿದೆ ಎಂದಳು, ಬಡಿಸಿಕೊಳ್ಳಲಿಲ್ಲ.

ಬ್ರೆಡ್ಡು ಚೀಸು ಕೆಡದಂತೆ ಹಾಕುವ ಸಾರ್ಬಿಕ್ ಆಮ್ಲವನ್ನು 1859ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಮೊದಲು ಪಡೆದದ್ದು ಇದೇ ಹಣ್ಣಿನ ಎಣ್ಣೆಯಿಂದ. ಆಶ್ಚರ್ಯವಿಲ್ಲ. ನಮ್ಮ ಗೊಜ್ಜು ವಾರಗಟ್ಟಲೆ ಫ್ರಿಜ್ಜಿನಲ್ಲಿದ್ದರೂ ಕೆಡುವ ಲಕ್ಷಣವೇ ತೋರಲಿಲ್ಲ.

ಕೊನೆಗೆ ಬಾಟಲಿ ಸಮೇತ ಪಕ್ಕದ ಮನೆಗೆ ಸಾಗಹಾಕಿದೆವು. ಅಜ್ಜಿ ಜಿಂಕೆ ಮಾಂಸಕ್ಕೆ ಹಚ್ಚಿಕೊಂಡು ಪೂರ್ತಿ ತಿಂದು ಮುಗಿಸಿದರಂತೆ. ಆ ವಾಸನೆ ಯಾವುದರದು ಎಂದು ವಿಚಾರಿಸಿದರು. ಇಂಗು ಎಂದೆ. ಬಾಟಲಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಮನೆಯಲ್ಲಿ ಮುಚ್ಚಳ ಸರಿಯಾಗಿ ಕೂರುತ್ತಿದ್ದದ್ದು ಅದೊಂದಕ್ಕೇ.