ಕುರಿ ಕಾಯುವವರನ್ನು ಕೇಳಿದ್ದೀರಾ?

ಕೊಪ್ಪಳದ ಕಡೆ ಯಾರನ್ನೇ ಕೇಳಿ, ಹಿರೇಹಳ್ಳದ ಕಥೆ ಹೇಳುತ್ತಾರೆ. 2019ರ ಬೇಸಿಗೆಯಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕರೆ ಕೊಟ್ಟರು. ಜಾಲಿ ಕಂಟಿ, ಹೂಳು, ಕಸ ತುಂಬಿ ಸತ್ತೇ ಹೋಗಿದ್ದ ಸುಮಾರು 26 ಕಿ.ಮೀ. ಹಳ್ಳವನ್ನು ಜನರೇ ನಿಂತು ಸ್ವಚ್ಛ ಮಾಡಿದರು. ದುಡ್ಡಿದ್ದವರು ದುಡ್ಡು ಕೊಟ್ಟರು, ಜೆಸಿಬಿ ಇದ್ದವರು ಜೆಸಿಬಿ ಕಳಿಸಿದರು, ಉಳಿದವರು ಸಲಿಕೆ ಹಿಡಿದು ಇಳಿದರು. ಕುಷ್ಟಗಿಯ ನಿಡಶೇಸಿ ಕೆರೆಯಲ್ಲೂ ಹೀಗೇ ಜನ ಸೇರಿ ಹೂಳು ಎತ್ತಿದರು. ನಮ್ಮ ಸೀಮೆಯ ಜನಕ್ಕೆ ಪರಿಸರದ ಕಾಳಜಿ ಇಲ್ಲ ಅನ್ನುವವರ ಬಾಯಿ ಅಲ್ಲಿಗೆ ಮುಚ್ಚಬೇಕಿತ್ತು.

ಆದರೆ ಹಳ್ಳ ಕಣ್ಣಿಗೆ ಕಾಣುತ್ತದೆ, ಕೆರೆಯೂ ಕಾಣುತ್ತದೆ. ಅವಕ್ಕೆ ನೀರು ಕಳಿಸುವ ಗುಡ್ಡ, ಕೆಂಪು ಮಣ್ಣಿನ ಮಸಾರಿ ಹೊಲ, ಊರ ದನ-ಕುರಿ ಮೇಯುವ ಗಾಯರಾಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಹುಲ್ಲು ಹೋದರೆ ಮಣ್ಣು ಕೆಳಗೆ ಬರುತ್ತದೆ. ತುಂಗಭದ್ರಾ ಡ್ಯಾಂ ಕಥೆ ಗೊತ್ತಲ್ವಾ? 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಬಂದಿದೆ. ಅಷ್ಟೂ ಜಾಗ ಹೂಳಿನ ಪಾಲು. ಯಾವುದೋ ಒಂದು ಊರಿನವರು ಒಡ್ಡು ಹಾಕಿದರೆ ಇದು ನಿಲ್ಲುವುದಿಲ್ಲ. ಮೇಲಿನ ಊರು, ಕೆಳಗಿನ ಊರು, ನೀರಾವರಿಯವರು, ಒಣಭೂಮಿಯವರು ಎಲ್ಲ ಒಟ್ಟಿಗೆ ಕೂರಬೇಕು.

ಹಾಗೆ ಕೂರುವಾಗ ಒಬ್ಬರನ್ನು ಯಾವಾಗಲೂ ಬಿಡುತ್ತೇವೆ. ಕುರಿ ಕಾಯುವವರನ್ನು.

ನನ್ನ ತಕರಾರು ಇಷ್ಟೇ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಾಡು ನಮ್ಮದು. ಇಲ್ಲಿನ ನಿಸರ್ಗ ಅಂದರೆ ಮುಖ್ಯವಾಗಿ ಹುಲ್ಲು, ಕುರುಚಲು ಕಂಟಿ, ಅಲ್ಲೊಂದು ಇಲ್ಲೊಂದು ಬನ್ನಿ, ಬೇವು. ಕೃಷ್ಣಮೃಗ, ನರಿ, ತೋಳ ಬದುಕುವುದು ಇದರಲ್ಲೇ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಇಂಥ ಬಯಲೇ ಬೇಕು. ಆದರೆ ಕಾಗದದಲ್ಲಿ ಇದಕ್ಕೆ ಪಾಳು ಭೂಮಿ ಅಂತ ಹೆಸರು. ಪಾಳು ಅಂದಮೇಲೆ ಏನು ಬೇಕಾದರೂ ಮಾಡಬಹುದು. ಗುಂಡಿ ತೋಡಿ, ಸಸಿ ನೆಟ್ಟು, ಸುತ್ತ ಟ್ರೆಂಚ್ ಹೊಡೆದು, ಕುರಿ ಬಿಡಬೇಡಿ ಅಂತ ಬೋರ್ಡ್ ಹಾಕಿದರೆ ಮುಗಿಯಿತು, ಹಸಿರೀಕರಣ! ಸಸಿ ಬೇಸಿಗೆಗೆ ಒಣಗುತ್ತದೆ. ಟ್ರೆಂಚ್ ಮಾತ್ರ ಉಳಿಯುತ್ತದೆ.

ಬಳ್ಳಾರಿ ಜಾಲಿಯೂ ಹೀಗೇ ಒಳ್ಳೆಯ ಉದ್ದೇಶದಿಂದ ಬಂದದ್ದೇ. ದಕ್ಷಿಣ ಅಮೆರಿಕದ ಕಡೆಯ ಗಿಡ, ಬರದಲ್ಲೂ ಹಸಿರಾಗಿರುತ್ತದೆ, ಉರುವಲು ಕೊಡುತ್ತದೆ ಅಂತ ತಂದು ಹಬ್ಬಿಸಿದರು. ಈಗ ಹಳ್ಳದ ದಂಡೆ, ಕೆರೆಯಂಗಳ, ಗಾಯರಾಣ ಎಲ್ಲಾ ಅದರದ್ದೇ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಾಯಿ ತಿಂದ ಕುರಿ, ಆಡು ಹಿಕ್ಕೆಯಲ್ಲಿ ಬೀಜ ಚೆಲ್ಲುತ್ತಾ ಹೋಗುತ್ತವೆ. ಹಾಗಂತ ಒಂದೇ ಸಲ ಎಲ್ಲಾ ಕಿತ್ತು ಬಿಸಾಕಿ ಅಂದರೆ ಅದರ ಸೌದೆ, ಇದ್ದಿಲು ನಂಬಿಕೊಂಡ ಮನೆಗಳ ಗತಿ ಏನು? ಯಾವ ಕಡೆಯಿಂದ ಕೀಳಬೇಕು, ಎಷ್ಟು ಬಿಡಬೇಕು, ಕಿತ್ತ ಜಾಗದಲ್ಲಿ ಯಾವ ಹುಲ್ಲು ಬರುತ್ತದೆ, ಆ ಹುಲ್ಲು ಬೇರು ಬಿಡುವ ತನಕ ಕುರಿ ಎಲ್ಲಿ ಮೇಯಬೇಕು? ಇದಕ್ಕೆ ಉತ್ತರ ಆಫೀಸಿನ ನಕ್ಷೆಯಲ್ಲಿ ಸಿಗುವುದಿಲ್ಲ. ದಿನಾ ಅಲ್ಲೇ ನಡೆಯುವವರ ಹತ್ತಿರ ಇದೆ.

ತೋಳದ ವಿಷಯಕ್ಕೆ ಬನ್ನಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ್ದಾರೆ. ಬಹಳ ಒಳ್ಳೆಯ ಕೆಲಸ, ಹೆಮ್ಮೆಯೂ ಇದೆ. ಅದರ ವಿಸ್ತೀರ್ಣ ಸುಮಾರು 332 ಹೆಕ್ಟೇರ್. ಅಂದರೆ ಮೂರು ಚದರ ಕಿ.ಮೀ. ಚಿಲ್ಲರೆ. ಒಂದು ತೋಳದ ಗುಂಪು ಓಡಾಡುವ ಜಾಗ ನೂರು ಚದರ ಕಿ.ಮೀ. ದಾಟುತ್ತದೆ. ಉಳಿದದ್ದೆಲ್ಲ ಯಾರ ಜಾಗ? ನಮ್ಮ ನಿಮ್ಮ ಹೊಲ, ಊರಿನ ಗಾಯರಾಣ. ಅಲ್ಲಿ ತೋಳ ಬದುಕಿದೆ ಅಂದರೆ ಕುರಿಗಾರರು ಸಹಿಸಿಕೊಂಡಿದ್ದಾರೆ ಅಂತಲೇ ಅರ್ಥ. ವರ್ಷಕ್ಕೆ ಒಂದೋ ಎರಡೋ ಮರಿ ತೋಳದ ಪಾಲು ಅಂತ ಲೆಕ್ಕ ಹಾಕಿಕೊಂಡೇ ಹಿಂಡು ಸಾಕುವ ಜನ ಇದ್ದಾರೆ. ನಾವು ಪೋಸ್ಟ್ ಹಾಕಿ ತೋಳ ಉಳಿಸುತ್ತೇವೆ, ಅವರು ಮರಿ ಕಳೆದುಕೊಂಡು ಉಳಿಸುತ್ತಾರೆ. ಸತ್ತ ಕುರಿಗೆ ಪರಿಹಾರ ಕೇಳಲು ಹೋದರೆ ಫೋಟೊ ಎಲ್ಲಿ, ವೈದ್ಯರ ಸರ್ಟಿಫಿಕೇಟ್ ಎಲ್ಲಿ ಅಂತ ಅಲೆದಾಟ. ಊರೂರು ಸುತ್ತಿ, ಯಾರದೋ ಹೊಲದಲ್ಲಿ ಹಿಂಡು ನಿಲ್ಲಿಸಿಕೊಂಡಿರುವ ಮನುಷ್ಯ ಎಷ್ಟು ಸಲ ಅಲೆಯಬೇಕು?

ಸಹಭಾಗಿತ್ವ ಅಂದರೆ ಉದ್ಘಾಟನೆ ದಿನ ಅವರಿಗೊಂದು ಹಾರ ಹಾಕಿ ಪಕ್ಕದಲ್ಲಿ ನಿಲ್ಲಿಸುವುದಲ್ಲ. ಯೋಜನೆ ಬರೆಯುವ ಮೊದಲೇ ಕರೆಯಬೇಕು. ಮೇವಿನ ಜಾಗ ಯಾವುದು, ಎಷ್ಟು ತಿಂಗಳು ಮುಚ್ಚಬೇಕು ಅನ್ನುವ ತೀರ್ಮಾನ ಅವರ ಒಪ್ಪಿಗೆ ಇಲ್ಲದೆ ಆಗಬಾರದು. ಜಾಲಿ ಕೀಳುವ, ಒಡ್ಡು ಹಾಕುವ, ಹುಲ್ಲು ಕಾಯುವ ಕೆಲಸಕ್ಕೆ ಕೂಲಿ ಕೊಡಬೇಕು. ಶ್ರಮದಾನ ಒಂದು ವಾರ ಚೆಂದ. ಐದು ವರ್ಷ ಪುಕ್ಕಟೆ ದುಡಿಯಿರಿ ಅನ್ನುವುದು ಅನ್ಯಾಯ. ದುಡ್ಡಿಲ್ಲ ಅನ್ನಬೇಡಿ. ಪಕ್ಕದ ಬಳ್ಳಾರಿಯಲ್ಲಿ ಗಣಿಯಿಂದ ಹಾಳಾದ ಪರಿಸರ ಸರಿಪಡಿಸಲು ಅಂತಲೇ ಸುಪ್ರೀಂ ಕೋರ್ಟ್ ನಿಗಾದಲ್ಲಿ ಸಾವಿರಾರು ಕೋಟಿ ಸೇರಿದೆ. ನಮ್ಮಲ್ಲಿ ಉದ್ಯೋಗ ಖಾತ್ರಿ ಹೆಸರಲ್ಲಿ ಎಷ್ಟು ಒಡ್ಡು, ಎಷ್ಟು ಕೃಷಿ ಹೊಂಡ ಆಗಿಲ್ಲ?

ಇನ್ನೊಂದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕವೂ ಇರಬೇಕು. ಮುಂದಿನ ಗ್ರಾಮ ಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ಪುಸ್ತಕ ಎಲ್ಲಿದೆ? ಸಮಿತಿಯಲ್ಲಿ ಕುರಿ ಕಾಯುವವರು ಎಷ್ಟು ಜನ ಇದ್ದಾರೆ? ಸಿಕ್ಕ ಉತ್ತರವನ್ನು ಊರಿನ ಹೆಸರಿನ ಸಮೇತ ಕಾಮೆಂಟ್‌ನಲ್ಲಿ ಹಾಕಿ. ಎಲ್ಲ ಸೇರಿಸಿ ಪಟ್ಟಿ ಮಾಡಿ ಜಿಲ್ಲಾ ಪಂಚಾಯಿತಿಗೆ ಕೊಡೋಣ.